ಕಂಪ್ಯೂಟರಿನಲ್ಲಿ ಎಲ್ಲರ ಉಸಿರೂ 20

(ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ನರ್ಸಿಂಗ್ ಅಧ್ಯಾಪಕಿಯೊಬ್ಬರ ಉತ್ತರ)

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಪೋಸ್ಟಿಂಗ್ ಇರುವ ಆಸ್ಪತ್ರೆಯಲ್ಲಿ ಈಗ ಕೇಸ್‌ಶೀಟ್ ಎಲ್ಲ ಕಂಪ್ಯೂಟರಿನಲ್ಲೇ. ಅದರ ಮೇಲೆ ಥೀಸಿಸ್ ಮಾಡುವ ಆಸೆ. ‘ಸ್ಟಾಫ್ ನರ್ಸ್‌ಗಳಿಗೆ ಇದರ ತಿಳಿವಳಿಕೆ ಎಷ್ಟಿದೆ ಅಂತ ಪ್ರಶ್ನಾವಳಿ ಕೊಟ್ಟು ಮುಗಿಸು’ ಅಂತಾರೆ ಸೀನಿಯರ್ಸ್. ಪೇಷಂಟ್‌ಗೆ ನಿಜವಾಗಿ ಉಪಯೋಗ ಆಗುವಂಥದ್ದು ಏನು ಮಾಡಬಹುದು?

ಉತ್ತರ: ಪ್ರಶ್ನಾವಳಿ ಬೇಡಮ್ಮಾ. ಮೊದಲು ಪ್ರೀ-ಟೆಸ್ಟ್, ಆಮೇಲೆ ಒಂದು ಪಾಠ, ವಾರ ಬಿಟ್ಟು ಪೋಸ್ಟ್-ಟೆಸ್ಟ್, ಅಂಕ ಜಾಸ್ತಿ ಬಂತು. ಇಂಥ ಥೀಸಿಸ್ ನಮ್ಮ ನರ್ಸಿಂಗ್ ಕಾಲೇಜುಗಳ ಲೈಬ್ರರಿ ಬೀರು ತುಂಬಾ ಇವೆ. ಪಾಠ ಮಾಡಿದ ಮೇಲೆ ಅಂಕ ಜಾಸ್ತಿ ಬರದೆ ಇನ್ನೇನು ಬರುತ್ತದೆ?

ನಾಳೆ ವಾರ್ಡಿಗೆ ಹೋದಾಗ ವೈಟಲ್ಸ್ (ನಾಡಿ, ಬಿಪಿ, ಜ್ವರ, ಉಸಿರು) ಬರೆಯುವ ಪುಟ ತೆಗೆದು ಉಸಿರಾಟದ ಕಾಲಂ ಒಂದನ್ನೇ ಮೇಲಿಂದ ಕೆಳಗೆ ನೋಡು. 20, 20, 18, 20, 20. ಹರಪನಹಳ್ಳಿ ಕಡೆಯಿಂದ ಬಂದ ದಮ್ಮಿನ ಅಜ್ಜನಿಗೂ 20, ಹರ್ನಿಯಾ ಆಪರೇಷನ್‌ಗೆ ಕಾಯುತ್ತಿರುವ ಹುಡುಗನಿಗೂ 20. ಬಿಪಿಗೆ ಮಿಷನ್ ಇದೆ. ಬೆರಳಿಗೆ ಕ್ಲಿಪ್ ಸಿಕ್ಕಿಸಿದರೆ ನಾಡಿ, ಆಕ್ಸಿಜನ್ ಎರಡೂ ಬರುತ್ತವೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ನಾವೇ ವಾಚ್ ನೋಡಿಕೊಂಡು ಒಂದು ನಿಮಿಷ ನಿಂತು ಎಣಿಸಬೇಕು. ತುಂಬಿದ ವಾರ್ಡಿನಲ್ಲಿ ಇಬ್ಬರು ಸಿಸ್ಟರ್‌ಗಳಿದ್ದರೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕೇ 20 ಅಂತ ಬರೆದು ಮುಂದಿನ ಬೆಡ್‌ಗೆ ಹೋಗುತ್ತಾರೆ.

ಕಾಗದದ ಕಾಲದಲ್ಲೂ ಈ ಚಾಳಿ ಇತ್ತು. ಅದನ್ನು ಕಂಪ್ಯೂಟರ್ ತಲೆಗೆ ಕಟ್ಟುವುದು ಬೇಡ. ಆದರೆ ಆಗ ಆ ಅಂಕಿ ಚಾರ್ಟಿನಲ್ಲಿ ಸುಮ್ನೆ ಕೂತಿರುತ್ತಿತ್ತು. ಈಗ ಅದನ್ನೇ ಇಟ್ಟುಕೊಂಡು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್’ ಸ್ಕೋರ್ ನೀನು ಓದಿರಬೇಕು. ವೈಟಲ್ಸ್ ಒಂದೊಂದಕ್ಕೂ ಅಂಕ ಕೊಟ್ಟು, ಕೂಡಿಸಿ, ಪೇಷಂಟ್ ಹದಗೆಡುತ್ತಿದ್ದಾರಾ ಅಂತ ಎಚ್ಚರಿಸುವ ಲೆಕ್ಕ ಅದು. ಒಬ್ಬ ಪೇಷಂಟ್‌ಗೆ ನಾಡಿ 104, ಮೇಲಿನ ಬಿಪಿ 108, ಜ್ವರ 101, ಆಕ್ಸಿಜನ್ 95 ಅಂತಿಟ್ಟುಕೋ. ಒಂದೊಂದಕ್ಕೆ ಒಂದು ಅಂಕ, ಒಟ್ಟು 4. ಉಸಿರು 20 ಅಂದರೆ ಸೊನ್ನೆ, ಸ್ಕೋರ್ 4ರಲ್ಲೇ ನಿಲ್ಲುತ್ತದೆ. ನಿಜವಾಗಿ ಎಣಿಸಿದರೆ 24 ಇತ್ತು ಅನ್ನು. ಅದಕ್ಕೆ 2 ಅಂಕ, ಒಟ್ಟು 6. 5 ಮುಟ್ಟಿದರೆ ತಕ್ಷಣ ಡಾಕ್ಟರ್‌ಗೆ ತಿಳಿಸಬೇಕು, ಅವರು ತುರ್ತಾಗಿ ಬಂದು ನೋಡಬೇಕು ಅನ್ನುವುದು ಆ ಸ್ಕೋರಿನ ನಿಯಮ. ಎಣಿಸದೆ ಬರೆದ ಒಂದು 20ರಿಂದ ಆ ಕರೆ ಹೋಗುವುದೇ ಇಲ್ಲ. ಒಳಗೆ ಸೋಂಕು ಏರುತ್ತಿರುವವರಲ್ಲಿ ಬಿಪಿ ಬೀಳುವುದಕ್ಕೆ ಮುಂಚೆಯೇ ಉಸಿರು ಜೋರಾಗುವುದು ಎಷ್ಟೋ ಸಲ ಉಂಟು. ಪರದೆ ಮಾತ್ರ ಹಸಿರು ತೋರಿಸುತ್ತಿರುತ್ತದೆ.

ಇದೇ ನಿನ್ನ ಥೀಸಿಸ್. ಸಿಸ್ಟರ್ ವೈಟಲ್ಸ್ ತೆಗೆದ ಸ್ವಲ್ಪ ಹೊತ್ತಿನಲ್ಲೇ ನೀನೂ ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ಹೊತ್ತು ಕಳೆದರೆ ಉಸಿರೇ ಬದಲಾಗಿರುತ್ತದೆ, ಹೋಲಿಕೆಗೆ ಅರ್ಥ ಇರುವುದಿಲ್ಲ. ‘ಉಸಿರು ಎಣಿಸುತ್ತೇನೆ’ ಅಂತ ಹೇಳಿದರೆ ಜನ ಬೇರೆ ಥರ ಉಸಿರಾಡುತ್ತಾರೆ. ಒಪ್ಪಿಗೆ ಮೊದಲೇ ತಗೊಂಡಿರು, ಎಣಿಸುವಾಗ ನಾಡಿ ನೋಡುವವರ ಹಾಗೆ ಕೈ ಹಿಡಿದು ಎದೆ ನೋಡು. ನಿನ್ನ ಅಂಕಿ, ಕಂಪ್ಯೂಟರಿನ ಅಂಕಿ ಪಕ್ಕಪಕ್ಕ ಬರೆದು ಸ್ಕೋರ್ ಎಷ್ಟು ಕಡೆ ಬದಲಾಯಿತು ನೋಡು. ಹದಿನಾರರ ಒಳಗಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಬಿಟ್ಟುಬಿಡು, ಆ ಸ್ಕೋರ್ ಅವರಿಗಲ್ಲ.

ಇನ್ನೊಂದು ಕಾಲಂ ಸೇರಿಸು: ನೋಡಿದ ಹೊತ್ತು, ಟೈಪ್ ಮಾಡಿದ ಹೊತ್ತು. ವಾರ್ಡಿಗೆ ಒಂದೇ ಕಂಪ್ಯೂಟರ್ ಇದ್ದರೆ ಎಲ್ಲರೂ ಚೀಟಿಯಲ್ಲಿ ಬರೆದುಕೊಂಡು ಹ್ಯಾಂಡಿಂಗ್ ಓವರ್ (ಮುಂದಿನ ಡ್ಯೂಟಿಯವರಿಗೆ ವಾರ್ಡ್ ಒಪ್ಪಿಸುವ) ಹೊತ್ತಿಗೆ ಒಟ್ಟಿಗೆ ತುಂಬುತ್ತಾರೆ. ಹತ್ತು ಗಂಟೆಯ ಜ್ವರ ಡಾಕ್ಟರ್ ಕಣ್ಣಿಗೆ ಬೀಳುವುದು ಊಟದ ಹೊತ್ತಿಗೆ. ಇಲ್ಲಿ ತಪ್ಪು ಸಿಸ್ಟರದ್ದಲ್ಲ, ಕಂಪ್ಯೂಟರ್ ಸಾಲದು ಅಂತ ನಿನ್ನ ಥೀಸಿಸ್ಸೇ ಹೇಳಿದರೆ ಆಡಳಿತದವರು ಓದುತ್ತಾರೆ. (ಓದಲಿ ಅಂತ ಆಸೆ.)

ಎಥಿಕ್ಸ್ ಕಮಿಟಿ ಅನುಮತಿ ಇಲ್ಲದೆ ಒಂದು ಅಂಕಿಯನ್ನೂ ಬರೆದುಕೊಳ್ಳಬೇಡ. ಪೇಷಂಟ್ ಹೆಸರು ಬೇಡ, ಸಿಸ್ಟರ್ ಹೆಸರಂತೂ ಬೇಡವೇ ಬೇಡ. ಪರದೆಯ ಫೋಟೋ ನಿನ್ನ ಮೊಬೈಲಿನಲ್ಲಿ ಇರಕೂಡದು. ಬೇರೆಯವರ ಲಾಗಿನ್‌ನಲ್ಲಿ ಕೂರಬೇಡ, ‘ಪಾಸ್‌ವರ್ಡ್ ಹೇಳ್ತೀನಿ ಬಾ’ ಅಂತ ಎಷ್ಟು ಪ್ರೀತಿಯಿಂದ ಕರೆದರೂ. ಯಾರು ಯಾವಾಗ ಯಾವ ಪುಟ ತೆರೆದರು ಅನ್ನುವುದು ಒಳಗೆ ದಾಖಲಾಗುತ್ತಿರುತ್ತದೆ. ಎಣಿಸುವಾಗ ಯಾರಿಗಾದರೂ 25 ಬಂತು ಅನ್ನು, ಪೆನ್ನು ಕೆಳಗಿಟ್ಟು ಡ್ಯೂಟಿ ಸಿಸ್ಟರ್‌ಗೆ ಹೇಳು. ಆ ಒಬ್ಬರ ಡೇಟಾ ಹಾಳಾದರೆ ಹಾಳಾಗಲಿ.

ಪ್ರಶ್ನೆ: ನಮ್ಮದು ಚಳ್ಳಕೆರೆ ಹತ್ತಿರದ ಹಳ್ಳಿ. ತಂದೆಗೆ ಶುಗರ್, ಹಾರ್ಟ್ ತೊಂದರೆ ಎರಡೂ ಇವೆ. ಚಿತ್ರದುರ್ಗದಲ್ಲಿ ತೋರಿಸಿ ಈಗ ದಾವಣಗೆರೆಗೆ ಹೋಗುತ್ತಿದ್ದೇವೆ. ಆಭಾ ನಂಬರ್ ಮಾಡಿಸಿದ್ದೇವೆ. ಇನ್ನು ಹಳೇ ಫೈಲ್ ಹೊತ್ತುಕೊಂಡು ಹೋಗಬೇಕಾ?

ಉತ್ತರ: ಹೋಗಬೇಕು ಸರ್. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ನಂಬರ್ ಅದು. ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ ನಂಬರ್, ಅಷ್ಟೇ. ತೋರಿಸಿದ ಆಸ್ಪತ್ರೆ ತನ್ನ ದಾಖಲೆಯನ್ನು ಅದಕ್ಕೆ ಜೋಡಿಸಿದ್ದರೆ ಮಾತ್ರ, ನೀವು ಒಪ್ಪಿಗೆ ಕೊಟ್ಟ ಮೇಲೆ ಇನ್ನೊಂದು ಕಡೆ ಕಾಣುತ್ತದೆ. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ಕೌಂಟರಿನಲ್ಲಿ ಇದನ್ನು ಚಾಚಿ ಬಿಲ್ ಕಮ್ಮಿ ಮಾಡಿ ಅಂದರೆ ಆಗುವುದಿಲ್ಲ.

ಪೂರ್ತಿ ಫೈಲ್ ಭಾರವಾದರೆ ಮೂರು ಸಾಕು: ಕೊನೆಯ ಡಿಸ್ಚಾರ್ಜ್ ಸಮರಿ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಹಳೇ ಇಸಿಜಿ. ಎದೆನೋವು ಅಂತ ಬಂದವರ ಇಸಿಜಿಯಲ್ಲಿ ಏನೋ ವ್ಯತ್ಯಾಸ ಕಂಡಾಗ ಅದು ಇವತ್ತಿನದೋ ಮೊದಲಿಂದಲೂ ಇದ್ದದ್ದೋ ಅಂತ ಡಾಕ್ಟರ್ ಹಳೆಯದನ್ನು ಕೇಳುತ್ತಾರೆ. ಕೆಲವು ಇಸಿಜಿ ಕಾಗದ ವರ್ಷ ಕಳೆದಂತೆ ಮಾಸುತ್ತದೆ, ಒಂದು ಜೆರಾಕ್ಸ್ ಮಾಡಿಸಿಡಿ.