ನೆರಳಿಲ್ಲದ ನೆಲಕ್ಕೆ ಇಳಿಯುವುದು ಹೇಗೆ?

ಹಿಮದ ಮೇಲೆ ಹೆಲಿಕಾಪ್ಟರ್ ಹಾರಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ‘ವೈಟ್‌ಔಟ್’ ಎಂದರೆ ದಟ್ಟ ಮಂಜು ತಾನೆ? ಅದಕ್ಕೊಂದು ಬೇರೆ ಹೆಸರೇಕೆ? (ಧಾರವಾಡ)

ಮಂಜಾಗಿದ್ದರೆ ವಾಸಿಯಿತ್ತು. ತನಗೆ ಏನೂ ಕಾಣುತ್ತಿಲ್ಲ ಎಂಬುದಾದರೂ ಪೈಲಟ್‌ಗೆ ಗೊತ್ತಾಗುತ್ತಿತ್ತು. ಮೇಲೆ ಒಂದೇ ಸಮನೆ ಕವಿದ ಮೋಡ, ಕೆಳಗೆ ಹೊಸ ಹಿಮ. ಬೆಳಕು ಇವೆರಡರ ನಡುವೆ ಪುಟಿದಾಡಿ ಎಲ್ಲ ದಿಕ್ಕಿನಿಂದಲೂ ಬರುವುದರಿಂದ ನೆರಳೇ ಬೀಳುವುದಿಲ್ಲ. ನೆರಳಿಲ್ಲದ ಮೇಲೆ ಉಬ್ಬು ಯಾವುದು, ತಗ್ಗು ಯಾವುದು? ಗಾಳಿ ಮಾತ್ರ ತಿಳಿಯಾಗಿರುತ್ತದೆ. ಬಹು ದೂರದ ಕರಿಬಂಡೆ ಕಾಣುತ್ತದೆ, ಮೂಗಿನ ಮುಂದಿನ ಹಿಮದ ಏರು ಕಾಣುವುದಿಲ್ಲ. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಏರ್ ನ್ಯೂಜಿಲೆಂಡ್‌ನ ಡಿಸಿ-10 ವಿಮಾನ ಬಡಿದು 257 ಮಂದಿ ಸತ್ತರು. ಹಾರಾಟದ ಮಾರ್ಗದ ಅಂಕಿಗಳು ಬದಲಾದದ್ದು ಸಿಬ್ಬಂದಿಗೆ ತಿಳಿದಿರಲಿಲ್ಲ. ಎದುರಿನ ಬಿಳಿ ಇಳಿಜಾರು ಅವರ ಕಣ್ಣಿಗೆ ಸಪಾಟು ಹಿಮವಾಗಿ ಕಂಡಿತ್ತು.

ಹೆಲಿಕಾಪ್ಟರಿಗೆ ಇದರ ಜೊತೆಗೆ ತನ್ನ ಕೈಯಾರೆ ಮಾಡಿಕೊಳ್ಳುವ ವೈಟ್‌ಔಟ್ ಬೇರೆ. ರೋಟರ್, ಅಂದರೆ ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳು, ಕೆಳಕ್ಕೆ ತಳ್ಳಿದ ಗಾಳಿ ಪುಡಿಹಿಮವನ್ನು ಎಬ್ಬಿಸುತ್ತದೆ, ಅದು ಮೇಲೇರಿ ಮತ್ತೆ ರೋಟರ್ ಮೂಲಕವೇ ಕೆಳಗೆ ಬರುತ್ತದೆ. ಕಣದಲ್ಲಿ ಗಾಳಿಗೆದುರಾಗಿ ತೂರಿದವರ ಮುಖಕ್ಕೇ ಹೊಟ್ಟು ಬಂದಂತೆ.

ಪ್ರಶ್ನೆ: ಹಾಗಾದರೆ ಹಿಮದಲ್ಲಿ ಇಳಿಯುವುದು ಹೇಗೆ? ಹಿಮ ಎದ್ದರೂ ಸುಮ್ಮನೆ ನೇರ ಕೆಳಗಿಳಿಸಿದರಾಯಿತಲ್ಲ? (ಶಿವಮೊಗ್ಗ)

‘ನೇರ’ ಎಂಬುದೇ ಗೊತ್ತಾಗದಿರುವುದು ಇಲ್ಲಿನ ತೊಂದರೆ. ಗಾಜಿನಾಚೆ ಹಿಮ ಮುಂದಕ್ಕೆ ಹರಿಯುತ್ತಿದ್ದರೆ, ನಿಂತ ಹೆಲಿಕಾಪ್ಟರ್ ಹಿಂದಕ್ಕೆ ಜಾರುತ್ತಿದೆ ಅನ್ನಿಸುತ್ತದೆ. ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನ್ನಿಸುವುದಿಲ್ಲವೇ, ಹಾಗೆ. ಇಲ್ಲದ ಜಾರುವಿಕೆಯನ್ನು ತಿದ್ದಲು ಹೋದ ಪೈಲಟ್ ನಿಜವಾಗಿಯೂ ಜಾರತೊಡಗುತ್ತಾನೆ. ಅಡ್ಡಡ್ಡ ಜಾರುತ್ತ ನೆಲ ಮುಟ್ಟಿದರೆ ಸ್ಕಿಡ್ (ಹೊಟ್ಟೆಯ ಕೆಳಗೆ ಎರಡೂ ಬದಿಗಿರುವ ಜಾರುಕೊಳವೆ) ಹಿಮಕ್ಕೆ ಸಿಕ್ಕಿ ಹೆಲಿಕಾಪ್ಟರ್ ಮಗುಚುತ್ತದೆ.

ಆದ್ದರಿಂದ ಮೊದಲು ಒಂದು ಸುತ್ತು ಹಾಕಿ ಗಾಳಿಯ ದಿಕ್ಕು, ಹಿಮದ ಪುಡಿತನ, ಇಳಿಜಾರು ನೋಡುತ್ತಾರೆ. ಕಣ್ಣಿಗೆ ಆಸರೆಯಾಗಿ ಒಂದು ಕಪ್ಪು ವಸ್ತು ಬೇಕೇ ಬೇಕು: ಬಂಡೆ, ಪೊದೆ, ಕಟ್ಟಿದ ಮೂಟೆ. ಅದು ಪೈಲಟ್ ಕೂತ ಬದಿಯಲ್ಲಿ, ಸ್ವಲ್ಪ ಮುಂದಕ್ಕೆ, ಹಿಮ ಎದ್ದ ಮೇಲೂ ಕಾಣುವಷ್ಟು ಹತ್ತಿರ ಇರಬೇಕು. ಹಗುರ ಚೀಲ ಬೇಡ, ಹಾರಿ ರೋಟರ್‌ಗೆ ಸಿಗುತ್ತದೆ. ಹೆಲಿ-ಸ್ಕೀಯಿಂಗ್‌ನಲ್ಲಿ (ಹೆಲಿಕಾಪ್ಟರಿನಲ್ಲಿ ಬೆಟ್ಟವೇರಿ ಹಿಮದ ಮೇಲೆ ಜಾರುತ್ತ ಇಳಿಯುವ ಆಟ) ಸಾಮಾನಿನ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಗೈಡೇ ಈ ಗುರುತು. ಹೆಲಿಕಾಪ್ಟರ್ ಅವನ ಮಗ್ಗುಲಲ್ಲೇ ಬಂದು ಕೂರುತ್ತದೆ. ಆತ ಅಲ್ಲಾಡುವಂತಿಲ್ಲ; ಆ ಹೊತ್ತಿಗೆ ಪೈಲಟ್‌ಗೆ ಭೂಮಿ ಎಂದರೆ ಅವನೊಬ್ಬನೇ.

ಇಳಿಯುವಾಗ ಮಾಮೂಲಿಗಿಂತ ತುಸು ಕಡಿದಾದ ಕೋನ ಹಿಡಿದು, ವೇಗವನ್ನೂ ಇಳಿತವನ್ನೂ ಒಟ್ಟೊಟ್ಟಿಗೆ ಕಡಿಮೆ ಮಾಡುತ್ತ ಬರಬೇಕು. ಎದ್ದ ಹಿಮ ಬಾಲದ ಕಡೆಗೇ ಉಳಿದಿರಬೇಕು, ಅದು ಬಾಗಿಲಿನ ತನಕ ಬರುವಷ್ಟರಲ್ಲಿ ಸ್ಕಿಡ್ ನೆಲ ಮುಟ್ಟಿರಬೇಕು. ನಡುವೆ ಹೋವರ್ ಮಾಡುವಂತಿಲ್ಲ, ಅಂದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವಂತಿಲ್ಲ. ಇನ್ನೊಂದು ದಾರಿ, ಎತ್ತರದಲ್ಲೇ ನಿಂತು ಸಡಿಲ ಹಿಮವನ್ನು ರೋಟರ್ ಗಾಳಿಯಿಂದ ಗುಡಿಸಿ, ಗುರುತು ಕಂಡ ಮೇಲೆ ನಿಧಾನಕ್ಕೆ ಇಳಿಯುವುದು. ಅದಕ್ಕೆ ಎಂಜಿನ್‌ನಲ್ಲಿ ಹೆಚ್ಚುವರಿ ಶಕ್ತಿ ಬೇಕು, ಎತ್ತರದ ತೆಳು ಗಾಳಿಯಲ್ಲಿ ಕೊರತೆಯಾಗುವುದೇ ಅದು. ಸಿಯಾಚಿನ್‌ಗೆ ಸಾಮಾನು ಹೊರುವ ಚೀತಾ ಹೆಲಿಕಾಪ್ಟರ್ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ್ದು, ಮೂಲ ಫ್ರಾನ್ಸಿನ ಲಾಮಾ. 1972ರಲ್ಲಿ 12,442 ಮೀಟರ್ ಏರಿ ದಾಖಲೆ ಮಾಡಿದ ತಳಿ. ಅಂಥದ್ದಕ್ಕೂ ಅಲ್ಲಿನ ಎತ್ತರದಲ್ಲಿ ಹೊರೆಯ ಲೆಕ್ಕ ಕೆ.ಜಿ.ಗಳಲ್ಲೇ.

ಗುರುತು ಒಂದು ಕ್ಷಣ ಮರೆಯಾದರೂ ಹುಡುಕುತ್ತ ಕೂರಬಾರದು. ಕಣ್ಣು ಒಳಗಿನ ಮಾಪಕಗಳಿಗೆ, ಹೆಲಿಕಾಪ್ಟರ್ ಮಟ್ಟಸ, ಶಕ್ತಿ ಕೊಟ್ಟು ನೇರ ಮೇಲಕ್ಕೆ. ಮೇಲೇಳುವಷ್ಟು ಶಕ್ತಿ ಇದೆಯೇ ಎಂಬ ಲೆಕ್ಕ ಇಳಿಯಲು ಹೊರಡುವ ಮೊದಲೇ ಆಗಿರಬೇಕು.

ಪ್ರಶ್ನೆ: ನೆಲ ಮುಟ್ಟಿದ ಮೇಲೆ ಅಪಾಯ ಕಳೆಯಿತಲ್ಲ? (ಹಾಸನ)

ಇಲ್ಲ. ಹಿಮದ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿರುತ್ತದೆ, ಒಂದು ಸ್ಕಿಡ್‌ನ ಕೆಳಗೆ ಮಾತ್ರ ಮುರಿಯಬಹುದು. ಹೆಲಿಕಾಪ್ಟರ್ ಒಂದು ಸ್ಕಿಡ್‌ನ ಮೇಲೆ ತಿರುಗುತ್ತ ವಾಲತೊಡಗಿದರೆ, ಸಾಮಾನ್ಯವಾಗಿ 5ರಿಂದ 8 ಡಿಗ್ರಿ ದಾಟಿದ ಮೇಲೆ ಸೈಕ್ಲಿಕ್ (ಹೆಲಿಕಾಪ್ಟರನ್ನು ಅತ್ತಿತ್ತ ವಾಲಿಸುವ ಕೋಲು) ಎಷ್ಟು ಎಳೆದರೂ ಅದು ನಿಲ್ಲುವುದಿಲ್ಲ. ಕಲೆಕ್ಟಿವ್ ಅನ್ನು (ಮೇಲೆತ್ತುವ ಬಲ ಹೆಚ್ಚುಕಡಿಮೆ ಮಾಡುವ ಹಿಡಿಕೆ) ನಯವಾಗಿ ತಗ್ಗಿಸುವುದೊಂದೇ ಮದ್ದು. ಹಾಗಾಗಿ ಕೂತ ಮೇಲೂ ರೋಟರ್‌ನ ಸುತ್ತು ಇಳಿಸದೆ, ಭಾರವನ್ನು ಸ್ವಲ್ಪ ಸ್ವಲ್ಪವೇ ಹಿಮದ ಮೇಲೆ ಬಿಟ್ಟು ನೋಡುತ್ತಾರೆ. ಸ್ಕಿಡ್‌ಗೆ ಅಗಲ ಹಲಗೆ ಕಟ್ಟಿದ್ದರೆ ಒಳ್ಳೆಯದು. ಬಾಲ ಹೂತರೆ ಹಿಂದಿನ ರೋಟರ್ ಹಿಮಕ್ಕೆ ತಾಗುತ್ತದೆ. ಪ್ರಯಾಣಿಕರೂ ಒಂದು ಮಾತು ನೆನಪಿಡಿ: ಹೆಲಿಕಾಪ್ಟರ್ ಹಿಮದಲ್ಲಿ ಕುಸಿದಷ್ಟೂ ರೋಟರ್ ನಿಮ್ಮ ತಲೆಗೆ ಹತ್ತಿರ. ಇಳಿಜಾರಿದ್ದರೆ ಏರಿನ ಕಡೆಗೆ ಹೆಜ್ಜೆ ಇಡಲೇಬೇಡಿ.

ರಾತ್ರಿ ನಿಲ್ಲಿಸಿದ್ದರೆ ಸ್ಕಿಡ್ ನೆಲಕ್ಕೆ ಹೆಪ್ಪುಗಟ್ಟಿ ಅಂಟಿರಬಹುದು. ಒಂದೇ ಬದಿ ಬಿಟ್ಟುಕೊಂಡರೆ ಮತ್ತದೇ ಮಗುಚಾಟ.

ಪ್ರಶ್ನೆ: ಎಂಜಿನ್ ಒಳಗೆ ಹಿಮ ಹೋದರೆ? (ಬೀದರ್)

ಗಾಳಿದಾರಿಯಲ್ಲಿ ಗಟ್ಟಿಯಾದ ಹಿಮದ ಮುದ್ದೆ ಒಮ್ಮೆಲೇ ಒಳಗೆ ಬಿದ್ದರೆ ಎಂಜಿನ್ ಆರಿಹೋಗಬಹುದು. ಹಾರುವ ಮುನ್ನ ಟಾರ್ಚ್ ಹಿಡಿದು ಕೈ ಹಾಕಿ ತಡವಿ ನೋಡಲೇಬೇಕು. ಬರಿಗಣ್ಣಿಗೆ ಕಂಡಿತು ಎಂದರೆ ಸಾಲದು.

ಪ್ರಶ್ನೆ: ಕೇದಾರನಾಥದಲ್ಲಿ ಮೋಡ ಬಂದರೆ ಸಾಕು, ಹಾರಾಟ ನಿಲ್ಲಿಸುತ್ತಾರೆ. ಇದು ಅತಿಯಾಯಿತಲ್ಲವೇ? (ಮೈಸೂರು)

ಅತಿಯಲ್ಲ, ಬೇಗ ನಿಲ್ಲಿಸಿದಷ್ಟೂ ಒಳ್ಳೆಯದು. ಅಲ್ಲಿ ಹೊರಗೆ ನೋಡಿಕೊಂಡೇ ಹಾರಬೇಕು, ಕಣಿವೆ ಇಕ್ಕಟ್ಟು. 2022ರ ಅಕ್ಟೋಬರ್ 18ರಂದು ಮಸುಕು ಹವೆಯಲ್ಲಿ ಗರುಡಚಟ್ಟಿ ಬಳಿ ಹೆಲಿಕಾಪ್ಟರ್ ಬಿದ್ದು 7 ಮಂದಿ ಸತ್ತರು. ಅದು ವೈಟ್‌ಔಟ್ ಅಲ್ಲ. ಆದರೆ ದಿಗಂತ ಮರೆಯಾದ ಮೇಲೆ ಮೋಡದ ಬಿಳುಪೂ ಹಿಮದ ಬಿಳುಪೂ ಮಾಡುವ ಮೋಸ ಒಂದೇ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನದ ತಿರುವು ನಮ್ಮ ಒಳಕಿವಿಗೆ ತಿಳಿಯುವುದೇ ಇಲ್ಲ. ಹೆಲಿಕಾಪ್ಟರ್ ವಾಲುತ್ತಿದ್ದರೂ ನೆಟ್ಟಗಿದ್ದೇವೆ ಅನ್ನಿಸುತ್ತದೆ. ಹಿಂದಿರುಗುವುದಾದರೆ ಕಣಿವೆ ತಿರುಗುವಷ್ಟು ಅಗಲ ಇರುವಾಗಲೇ ಹಿಂದಿರುಗಬೇಕು.

ನಿಮ್ಮ ಕೈಲಿರುವುದು ಇಷ್ಟು: ಅದೇ ಸಂಜೆಗೆ ರೈಲಿನ ಟಿಕೆಟ್ ಮಾಡಿಸಬೇಡಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ‘ಹೇಗಾದರೂ ಕರೆದುಕೊಂಡು ಹೋಗಿ’ ಎಂದು ಪೈಲಟ್ ಮುಂದೆ ಗೋಗರೆಯಬೇಡಿ.