ಗುರುವಾರದ ಹೊಟ್ಟೆನೋವು

(ಹುಡುಗಿಯ ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಅವಳನ್ನೂ ಅವಳ ಅಪ್ಪನನ್ನೂ ಕೇಳಿಯೇ ಬರೆಯುತ್ತಿದ್ದೇನೆ.)

ರೇಣುಕಾಳನ್ನು ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಕಳಿಸಿದ್ದು ಕೊಪ್ಪಳದ ಒಬ್ಬ ಡಾಕ್ಟರು. ಎರಡು ತಿಂಗಳಿಂದ ಹೊಟ್ಟೆನೋವು. ಸ್ಕ್ಯಾನಿಂಗ್ ಆಗಿತ್ತು, ರಕ್ತ ಪರೀಕ್ಷೆ ಆಗಿತ್ತು, ಹುಲಿಗೆಮ್ಮನಿಗೆ ಹರಕೆಯೂ ಆಗಿತ್ತು. ಎಲ್ಲ ನಾರ್ಮಲ್. ಸೆಕೆಂಡ್ ಪಿಯು, ಪಿಸಿಎಂಸಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಕಂಪ್ಯೂಟರ್ ಸೈನ್ಸ್. ಅಪ್ಪನಿಗೆ ಕಾರಟಗಿ ಕಡೆ ಎರಡೂವರೆ ಎಕರೆ ಭತ್ತದ ಗದ್ದೆ.

"ಶಾಣ್ಯಾ ಹುಡುಗಿ ರೀ ಮೇಡಂ. ಎಸ್ಸೆಸ್ಸೆಲ್ಸಿಯೊಳಗ ಊರಿಗೇ ಫಸ್ಟ್ ಬಂದಾಳ. ಈಗ ನೋಡ್ರಿ, ಬರೋಬ್ಬರಿ ಸಂತಿ ದಿನಾನೇ ಹೊಟ್ಟಿ ಹಿಡಕೊಂಡು ಕುಂದರ್ತಾಳ" ಅಂದರು ಅಪ್ಪ.

ಅವರ ಊರಿನ ಸಂತೆ ಗುರುವಾರ. ಹುಡುಗಿಯ ಟೈಮ್ ಟೇಬಲ್ ಕೇಳಿದೆ. ಗುರುವಾರ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್!

ಅಪ್ಪನನ್ನು ಚಹಾ ಕುಡಿದು ಬನ್ನಿ ಅಂತ ಕಳಿಸಿದೆ. ಅವಳು ಸುಮಾರು ಹೊತ್ತು ದುಪಟ್ಟಾದ ಅಂಚನ್ನೇ ಸುತ್ತುತ್ತಾ ಕೂತಳು. ಆಮೇಲೆ, "ನನಗ ಅದು ತಲಿಗೆ ಹತ್ತವಲ್ದು ರೀ ಮೇಡಂ" ಅಂತ ಅಳೋಕೆ ಶುರು ಮಾಡಿದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲ್ಯಾಬಿನಲ್ಲಿ ಒಂದು ಮಷೀನಿಗೆ ಮೂರು ಜನ. ಕೀಬೋರ್ಡ್ ಮುಂದೆ ಕೂರೋದು ಯಾವಾಗಲೂ ಮನೆಯಲ್ಲಿ ಲ್ಯಾಪ್‌ಟಾಪ್ ಇರೋ ಹುಡುಗಿ. ಇವಳ ಕೆಲಸ ಪ್ರೋಗ್ರಾಂ ಓದಿ ಹೇಳೋದು. ಒಂದೇ ಒಂದು ಸಲ ಟೈಪ್ ಮಾಡಿದಾಗ ಕೆಂಪು ಅಕ್ಷರದಲ್ಲಿ ಎರರ್ ಬಂತು, ಹಿಂದಿನಿಂದ ಯಾರೋ ನಕ್ಕರು. ಅಲ್ಲಿಂದ ಹೊಟ್ಟೆನೋವು.

ಲ್ಯಾಬಿನ ರೆಕಾರ್ಡ್ ಪುಸ್ತಕ ತೋರಿಸು ಅಂದೆ. ಎಂಥ ಅಕ್ಷರ ಅಂತೀರಿ! ನೀಲಿ ಇಂಕಿನಲ್ಲಿ ಪ್ರೋಗ್ರಾಂ, ಪೆನ್ಸಿಲ್‌ನಲ್ಲಿ ಔಟ್‌ಪುಟ್, ಪ್ರತಿ ಪುಟಕ್ಕೂ ಸ್ಕೇಲಿನಲ್ಲಿ ಎಳೆದ ಗೆರೆ. ಎಲ್ಲ ಪ್ರೋಗ್ರಾಂ ಬಾಯಿಪಾಠ. ನನಗೂ ಕಂಪ್ಯೂಟರ್ ಅಷ್ಟಕ್ಕಷ್ಟೇ. ಹಾಗಾಗಿ ಅವಳ ಎದುರಲ್ಲೇ ಎರಡು ಪುಟದ ಫೋಟೋ ತೆಗೆದು ಪರಿಚಯದ ಲೆಕ್ಚರರ್ ಒಬ್ಬರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. "ಪ್ರೋಗ್ರಾಂ ಸರಿ ಇದೆ ಮೇಡಂ. ಆದರೆ ಎಲ್ಲ ಸಾಲೂ ಮಾರ್ಜಿನ್‌ಗೆ ಅಂಟಿಕೊಂಡಿವೆ. ಹೀಗೇ ಟೈಪ್ ಮಾಡಿದರೆ ಎರರ್ ಬರದೆ ಇನ್ನೇನು?"

ಪ್ರೋಗ್ರಾಂ ಬರೆಯೋ ಭಾಷೆಯಾಗಿ ಪಿಯುನಲ್ಲಿ ಮೊದಲು ಸಿ ಪ್ಲಸ್ ಪ್ಲಸ್ ಇತ್ತು, ಈಗ ಪೈಥಾನ್. ಸಿ ಪ್ಲಸ್ ಪ್ಲಸ್‌ನಲ್ಲಿ ಯಾವ ಸಾಲು ಯಾವುದರ ಒಳಗೆ ಅನ್ನೋದನ್ನು ಬ್ರಾಕೆಟ್ ಹೇಳುತ್ತದೆ. ಪೈಥಾನ್‌ನಲ್ಲಿ ಅದನ್ನು ಹೇಳೋದು ಸಾಲಿನ ಮೊದಲಿನ ಖಾಲಿ ಜಾಗ. ಇವಳಿಗೆ ವಾಟ್ಸಾಪ್‌ನಲ್ಲಿ ಬಂದ ನೋಟ್ಸಿನಲ್ಲಿ ಆ ಜಾಗವೇ ಹಾರಿಹೋಗಿತ್ತು. ಇವಳು ಅದನ್ನೇ ನೀಟಾಗಿ ಇಳಿಸಿಕೊಂಡಿದ್ದಳು. ರೆಕಾರ್ಡಿಗೆ ಸಹಿಯೂ ಬಿದ್ದಿತ್ತು.

ಇಷ್ಟರಿಂದಲೇ ಭಯ ಹೋಗಲಿಲ್ಲ. "ನಾ ದಡ್ಡಿ" ಅನ್ನೋದು ಒಳಗೆ ಕೂತಿತ್ತಲ್ಲ. ಒಂದು ಪ್ರಶ್ನೆ ಕೇಳಿದೆ. ನಿಮ್ಮ ಮನೆ ಮುಂದೆ ಹತ್ತು ಭತ್ತದ ಚೀಲ ಇವೆ, ಒಂದೊಂದೇ ತೂಗುತ್ತಾರೆ, ಎಲ್ಲಕ್ಕಿಂತ ಭಾರದ್ದು ಯಾವುದು ಅಂತ ಹೇಗೆ ಹೇಳ್ತೀಯ? "ಮೊದಲನೇದರ ತೂಕ ನೆನಪಿಟ್ಕೋತೀನ್ರಿ. ಮುಂದಿಂದು ಜಾಸ್ತಿ ಇದ್ರ ಹಳೇದು ಬಿಟ್ಟು ಅದನ್ನ ನೆನಪಿಟ್ಕೋತೀನಿ. ಕಡೀತನಕ ಹಂಗ." ರೆಕಾರ್ಡ್ ತಿರುವಿದೆ. ದೊಡ್ಡ ಸಂಖ್ಯೆ ಹುಡುಕುವ ಪ್ರೋಗ್ರಾಂ ಅಲ್ಲೇ ಇತ್ತು. ಅದರ ಪಕ್ಕ ಚೀಲಗಳ ತೂಕ ಬರೆಸಿದೆ: 75, 73, 76. ಒಂದೊಂದು ಸಾಲಿಗೂ ಏನು ನೆನಪಲ್ಲಿರುತ್ತೆ ಅಂತ ಬರೀತಾ ಹೋದಳು. 76ಕ್ಕೆ ಬಂದಾಗ ಪೆನ್ನು ನಿಂತಿತು. "ಮೇಡಂ, ಇದು ಅದೇ ಅಲ್ರೀ!" ಅಂದಳು.

ಸಲಹೆ ಅಂತ ನಾನು ಹೇಳಿದ್ದು ದೊಡ್ಡದೇನಲ್ಲ. ಬಾಯಿಪಾಠ ಬಂದ್. ಹೊಸ ಪ್ರೋಗ್ರಾಂ ಬಂದರೆ ಮೊದಲು ಕನ್ನಡದಲ್ಲಿ, ಚೀಲದ ಲೆಕ್ಕದ ಹಾಗೆ ಬರಿ. ರಾತ್ರಿ ಅರ್ಧ ಗಂಟೆ ಅಪ್ಪನ ಫೋನ್ ತಗೊ, ಬ್ರೌಸರಿನಲ್ಲೇ ಪೈಥಾನ್ ಓಡಿಸಬಹುದು. ಬೇಕಂತಲೇ ತಪ್ಪು ಮಾಡಿ ಎರರ್ ನೋಡು. ಎಂಥ ತಪ್ಪು ಅನ್ನೋದು ಕೊನೆಯ ಸಾಲಿನಲ್ಲಿರುತ್ತೆ, ಎಷ್ಟನೇ ಸಾಲು ಅನ್ನೋದು ಅದರ ಮೇಲೆ. ಇದನ್ನೂ ಆ ಲೆಕ್ಚರರೇ ಹೇಳಿಕೊಟ್ಟಿದ್ದು. ಲ್ಯಾಬಿನಲ್ಲಿ "ಇವತ್ತು ಟೈಪ್ ಮಾಡೋದು ನಾನು" ಅಂತ ಬಾಯಿಬಿಟ್ಟು ಹೇಳು. ಇದೊಂದನ್ನು ನನ್ನೆದುರು ಆರೇಳು ಸಲ ಹೇಳಿಸಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ.

ಅಪ್ಪನ ಜೊತೆ ಬೇರೆ ಮಾತು. ಪ್ರತಿ ರಾತ್ರಿ ಊಟಕ್ಕೆ ಕೂತಾಗ ಕಾಲೇಜಿನ ಫೀಸಿಗೆ ಮಾಡಿದ ಸಾಲದ ಸುದ್ದಿ ಎತ್ತುತ್ತಿದ್ದರಂತೆ. "ಸಾಲ ನಿಜ, ಆದರೆ ತುತ್ತಿನ ಜೊತೆ ಬೇಡ" ಅಂದೆ. ಕಂಪ್ಯೂಟರ್‌ನಲ್ಲಿ ಮಾರ್ಕ್ಸ್ ಹೋದರೆ ಇಂಜಿನಿಯರಿಂಗೇ ಹೋಯಿತು ಅಂದುಕೊಂಡಿದ್ದರು. ಆದರೆ ಸಿಇಟಿ ಪ್ರವೇಶ ಪರೀಕ್ಷೆಯ ಇಂಜಿನಿಯರಿಂಗ್ ರ‍್ಯಾಂಕ್ ಬರೋದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೇಲೆ. ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಪಿಯುನಲ್ಲಿ ಕಂಪ್ಯೂಟರ್ ಓದದವರಿಗೂ ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆ. ಇವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ, ಅಂದರೆ ನಮ್ಮ ಭಾಗದ ಕೋಟಾ ಇದೆ, ಕನ್ನಡ ಮೀಡಿಯಂ ಮತ್ತು ಗ್ರಾಮೀಣ ಮೀಸಲಾತಿಯೂ ಇದೆ. ಅದರ ಸರ್ಟಿಫಿಕೇಟ್ ಯಾವುದೂ ಮಾಡಿಸಿರಲಿಲ್ಲ! ಕೊನೇ ವಾರದಲ್ಲಿ ಕಚೇರಿಯಿಂದ ಕಚೇರಿಗೆ ಓಡಾಡೋ ಅಪ್ಪಂದಿರನ್ನು ವರ್ಷಾ ವರ್ಷಾ ನೋಡ್ತೀನಿ, ಅದಕ್ಕೇ ಆವತ್ತೇ ಚೀಟಿಯಲ್ಲಿ ಬರೆದುಕೊಟ್ಟೆ.

ಕಂಪ್ಯೂಟರ್ ಸಬ್ಜೆಕ್ಟಿಗೆ ಥಿಯರಿ 70 ಅಂಕ, ಪ್ರಾಕ್ಟಿಕಲ್ 30. ಥಿಯರಿ ಅವಳಿಗೆ ಮೊದಲಿಂದಲೂ ತೊಂದರೆ ಇರಲಿಲ್ಲ, ಭಯ ಇದ್ದದ್ದು ಪ್ರಾಕ್ಟಿಕಲ್‌ದೇ.

ಮೂರನೇ ಭೇಟಿಗೆ ಬಂದಾಗ ಕೀಬೋರ್ಡ್ ಸಿಕ್ಕಿತ್ತು. ಸುಲಭವಾಗಿ ಏನಲ್ಲ. ಲ್ಯಾಪ್‌ಟಾಪ್ ಇರೋ ಆ ಹುಡುಗಿ ಎರಡು ವಾರ ಮಾತು ಬಿಟ್ಟಿದ್ದಳಂತೆ, ಆಮೇಲೆ ತಾನಾಗೇ ಬಂದು ಕೂತಳಂತೆ. ಇವಳು ಇನ್ನೂ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾಳೆ.

ಜನವರಿಯಲ್ಲಿ ಒಂದು ಗುರುವಾರ ಅಪ್ಪನ ಫೋನ್. ಮತ್ತೆ ಹೊಟ್ಟೆನೋವು. ನನಗೂ ಎದೆ ಧಸಕ್ಕೆಂದಿತು. ಫೋನ್ ಅವಳಿಗೆ ಕೊಡಿಸಿದೆ. ಹಿಂದಿನ ದಿನ ಗವಿಮಠದ ಜಾತ್ರೆಗೆ ಹೋಗಿದ್ದಳಂತೆ. ಎಷ್ಟು ಮಿರ್ಚಿ ತಿಂದೆ ಅಂದೆ. "ಏಳು ರೀ" ಅಂದಳು.