ಅಣ್ಣನ ಬೆಳ್ಳಿ ದೀಪಕ್ಕೆ ಪ್ರತಿಯಾಗಿ ಏನು ಕೊಡಲಿ?

ಪ್ರಶ್ನೆ: ಗೌರಿ ಹಬ್ಬಕ್ಕೆ ಒಡಹುಟ್ಟಿದ ನಾವು ಮೂವರೂ ಜಯನಗರದ ಅಣ್ಣನ ಮನೆಯಲ್ಲಿ ಸೇರುತ್ತೇವೆ. ಅಮ್ಮನೂ ಅಲ್ಲೇ ಇದ್ದಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಣ್ಣ ಬಾಗಿನದ ಜೊತೆಗೆ ನನಗೂ ತಂಗಿಗೂ ರೇಷ್ಮೆ ಸೀರೆ, ಬೆಳ್ಳಿ ದೀಪ, ಮಕ್ಕಳಿಗೆ ಸ್ಮಾರ್ಟ್‌ವಾಚ್ ಕೊಡುತ್ತಾನೆ. ನಮ್ಮದು ಒಂದೇ ಸಂಬಳದ ಸಂಸಾರ. ಈ ಸಲ ಇಎಂಐನಲ್ಲಾದರೂ ಸರಿಸಮನಾದದ್ದನ್ನು ಕೊಡೋಣ ಎನ್ನುತ್ತಾರೆ ನನ್ನ ಯಜಮಾನರು. ಅಗ್ಗದ್ದು ಕೊಟ್ಟರೆ ಅತ್ತಿಗೆಯ ಎದುರು ಸಣ್ಣವಳಾಗುತ್ತೇನೆಂಬ ಅಳುಕು ನನಗೆ. ಏನು ಮಾಡಲಿ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ (ಕುಟುಂಬ ಆಪ್ತಸಮಾಲೋಚಕರಿಂದ): ಸಾಲ ಮಾಡಿ ಉಡುಗೊರೆ ಕೊಳ್ಳಬೇಡಿ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ. ಬಾಕಿ ಉಳಿದರೆ ಅನೇಕ ಕ್ರೆಡಿಟ್ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3ನ್ನು ದಾಟುತ್ತದೆ. ಗಣೇಶನನ್ನು ನೀರಿಗೆ ಬಿಟ್ಟ ಮೇಲೂ ಆ ಭಾರ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಬೆಲೆಯ ಚಿಂತೆ ಬಹುಮಟ್ಟಿಗೆ ಕೊಡುವವರದು, ಪಡೆಯುವವರದಲ್ಲ. ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯಲ್ ಆಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಶ್ಚಿತಾರ್ಥದ ಉಂಗುರ ಕೊಟ್ಟ ಗಂಡಸರು ಬೆಲೆ ಹೆಚ್ಚಿದಷ್ಟೂ ಮೆಚ್ಚುಗೆ ಹೆಚ್ಚುತ್ತದೆಂದು ನಂಬಿದ್ದರು. ಉಂಗುರ ತೊಟ್ಟ ಹೆಣ್ಣುಮಕ್ಕಳ ಮೆಚ್ಚುಗೆಗೂ ಬೆಲೆಗೂ ಅಂಥ ನಂಟು ಕಾಣಲಿಲ್ಲ. ನಮ್ಮ ಸಂಪ್ರದಾಯವೂ ಇದನ್ನು ಬಲ್ಲದು. ಬಾಗಿನದ ಮೊರದಲ್ಲಿರುವುದು ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲದಚ್ಚು. ಉಳ್ಳವರ ಮನೆಯದರಲ್ಲೂ ಇಲ್ಲದವರ ಮನೆಯದರಲ್ಲೂ ಹೆಚ್ಚುಕಡಿಮೆ ಇವೇ. ಮದುವೆಮನೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತೀರಿಸುವ ವಾಡಿಕೆ ನಮ್ಮಲ್ಲಿದೆ ನಿಜ, ಆದರೆ ತವರಿನಿಂದ ಹೆಣ್ಣುಮಗಳಿಗೆ ಬಂದ ಬಾಗಿನವನ್ನು ಆ ಲೆಕ್ಕಕ್ಕೆ ಸೇರಿಸುವ ಅಗತ್ಯವೇ ಇಲ್ಲ. ಅಣ್ಣ ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳಿ.

ನಿಮ್ಮ ಕಡೆಯಿಂದ ಕೊಡುವಾಗ ಅವರವರ ದಿನಚರಿಯನ್ನು ನೆನೆದು ಆರಿಸಿ. ಅತ್ತಿಗೆಗೆ ನಾಟಕ ಇಷ್ಟವಾದರೆ ರಂಗಶಂಕರದ ಎರಡು ಟಿಕೆಟ್ ತೆಗೆದುಕೊಟ್ಟು, ಆ ಸಂಜೆ ಅವರ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ನೀವೇ ಹೊರಬಹುದು. ಅತ್ತಿಗೆಯೂ ದುಡಿಯುವವರಾದರೆ ಅಂಥ ಮನೆಗೆ ಆ ಬಿಡುವು ಬೆಳ್ಳಿಗಿಂತ ಅಪರೂಪ. ವಸ್ತುವಿಗಿಂತ ಅನುಭವವನ್ನು ಉಡುಗೊರೆಯಾಗಿ ಕೊಟ್ಟಾಗ ಸಂಬಂಧ ಹೆಚ್ಚು ಗಟ್ಟಿಯಾಗುತ್ತದೆಂದು ಸಿಂಡಿ ಚಾನ್ ಮತ್ತು ಕ್ಯಾಸಿ ಮೊಗಿಲ್ನರ್ ಅವರ 2017ರ ಅಧ್ಯಯನವೂ ಹೇಳುತ್ತದೆ. ಅಮ್ಮನ ಹಳೆಯ ಆಲ್ಬಮ್ಮಿನ ಫೋಟೊಗಳನ್ನು ದೊಡ್ಡದಾಗಿ ಮುದ್ರಿಸಿ, ಅವರನ್ನೇ ಕೇಳಿ ಪ್ರತಿಯೊಬ್ಬರ ಹೆಸರು, ಊರು ಬರೆದರೆ ಮೊಮ್ಮಕ್ಕಳಿಗೂ ಅದು ಉಳಿಯುತ್ತದೆ. ಇಂಥದ್ದನ್ನು ಮುಂದೂಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ಹೆಸರುಗಳನ್ನು ಬಲ್ಲವರು ಅವರೊಬ್ಬರೇ ಇರಬಹುದು.

ಹಾಗೆಂದು ಅಗ್ಗವಾದದ್ದೆಲ್ಲ ಅಕ್ಕರೆಯದಲ್ಲ. ಬಿಸಿಲು ಬೀಳದ ಫ್ಲ್ಯಾಟಿಗೆ ಲಾಲ್‌ಬಾಗ್ ನರ್ಸರಿಯ ಗುಲಾಬಿ ಗಿಡ ಒಯ್ದರೆ ಅವರಿಗೆ ತೊಂದರೆಯೇ. ದುಬಾರಿಯಾದದ್ದೆಲ್ಲ ಆಡಂಬರವೂ ಅಲ್ಲ. ಅಮ್ಮನಿಗೆ ಕಿವಿ ಮಂದವಾಗಿದ್ದರೆ ಒಳ್ಳೆಯ ಶ್ರವಣ ಸಾಧನಕ್ಕೆ ಸಾವಿರಾರು ರೂಪಾಯಿ ಬೇಕಾಗುತ್ತದೆ, ಅದನ್ನು ಮೂವರೂ ಕೈಲಾದಷ್ಟು ಹಾಕಿ ಕೊಡಿಸುವುದು ಸರಿಯಾದ ಖರ್ಚು.

ಒಂದು ಮಾತು ಮಾತ್ರ ಹಬ್ಬಕ್ಕೆ ಮುಂಚೆಯೇ ಆಗಬೇಕು. ಎಲ್ಲರೆದುರು ಅಲ್ಲ, ಅಣ್ಣನಿಗೊಬ್ಬನಿಗೇ ಫೋನ್ ಮಾಡಿ, "ಅಣ್ಣಾ, ನೀನು ಕೊಡುವುದು ಸಂತೋಷವೇ, ಆದರೆ ಮಕ್ಕಳಿಗೆ ವಾಚಿನ ಬದಲು ಈ ಸಲ ಪುಸ್ತಕ ಕೊಡಿಸು" ಎಂದು ನೇರವಾಗಿ ಹೇಳಿ. ನಿಮ್ಮ ಇಕ್ಕಟ್ಟು ಅವರಿಗೆ ತಿಳಿದೇ ಇಲ್ಲದಿರಬಹುದು. ಯಜಮಾನರೂ ಆ ಹೊತ್ತಿಗೆ ಪಕ್ಕದಲ್ಲಿದ್ದರೆ ಒಳ್ಳೆಯದು.